ಸೊನ್ನೆಯಂತೆ ಕಂಡ ಐದು

ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡದೆ ವರ್ಷವೇ ಆಗಿತ್ತು. ಮೊನ್ನೆ ಎರಡು ದಿಂಬಿನ ಕವರ್ ಹೊಲಿಯೋಣವೆಂದು ಕುಳಿತರೆ ಚಕ್ರ ಕಿರುಗುಟ್ಟಿತು. ಕಪಾಟಿನ ಮೂಲೆಯಿಂದ ಉದ್ದ ಮೂತಿಯ ಪುಟ್ಟ ಎಣ್ಣೆ ಡಬ್ಬಿ ಹುಡುಕಿ ತೆಗೆದೆ. ನಾಲ್ಕು ಹನಿ ಬಿಟ್ಟು ಚಕ್ರ ತಿರುಗಿಸಿದ್ದೇ ತಡ, ಆ ವಾಸನೆ ಬಂತು... ಕುವೈತಿನ ಮೀನಾ ಅಬ್ದುಲ್ಲಾ ಎಂಬ ಊರಿನಲ್ಲಿದ್ದ ಗೋದಾಮಿನ ವಾಸನೆ, ಕಾಕನ ಖಾಕಿ ಅಂಗಿಯ ವಾಸನೆ. ಆ ಡಬ್ಬಿ ಕೊಟ್ಟವರೂ ಅವರೇ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಕುವೈತಿನ ಫಹಾಹೀಲಿನಲ್ಲಿದ್ದ ಒಂದು ಟ್ರೇಡಿಂಗ್ ಕಂಪನಿಯಲ್ಲಿ ನಾನು ಟೈಪಿಸ್ಟ್. ಸರ್ಕಾರದ ಪಡೆಗಳಿಗೆ ಬೂಟು, ಬೆಲ್ಟು, ಕಂಬಳಿ, ಡೇರೆ ಒದಗಿಸುವುದು ಕಂಪನಿಯ ಕಸುಬು. ಕಾಕ ನಮ್ಮ ಗೋದಾಮಿನ ಸ್ಟೋರ್‌ಕೀಪರ್. ಉಳ್ಳಾಲದ ಕಡೆಯ ಬ್ಯಾರಿ. ಕುವೈತಿಗೆ ಬರುವ ಮೊದಲು ಇಪ್ಪತ್ತು ವರ್ಷ ನಮ್ಮ ದೇಶದ ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದ ಹವಾಲ್ದಾರ್. ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಮ್ಮ ಎನ್ನುತ್ತಿದ್ದರು. ಅವರ ಬ್ಯಾರಿ ಭಾಷೆ ನನಗೆ ಬಾರದು, ನನ್ನ ಕೊಂಕಣಿ ಅವರಿಗೆ ಬಾರದು. ಹಾಗಾಗಿ ಮಾತಿಗೆ ಕನ್ನಡ, ಜಗಳಕ್ಕೆ ತುಳು.

ಅಲ್ಲಿ ವಾರದ ರಜೆಯಾದ ಶುಕ್ರವಾರ ನಾವು ಚರ್ಚಿನಿಂದ, ಅವರು ಜುಮಾ ನಮಾಜು ಮುಗಿಸಿ ಬಂದ ಮೇಲೆ ಕೆಲವೊಮ್ಮೆ ನಮ್ಮ ಮನೆಗೆ ಬರುತ್ತಿದ್ದರು. ನಾನು ಹಳೆ ಸಾಮಾನಿನ ಅಂಗಡಿಯಿಂದ ತಂದಿದ್ದ ಹೊಲಿಗೆ ಯಂತ್ರವನ್ನು ಪೂರ್ತಿ ಬಿಚ್ಚಿ, ಪತ್ರಿಕೆಯ ಮೇಲೆ ಸಾಲಾಗಿ ಜೋಡಿಸಿ, ಒರೆಸಿ ಮತ್ತೆ ಕೂಡಿಸಿದ್ದರು. ಒಂದು ಸ್ಕ್ರೂ ಕೂಡ ಉಳಿಯಲಿಲ್ಲ. ನನ್ನ ಗಂಡ ರೇಡಿಯೋ ಬಿಚ್ಚಿದರೆ ಯಾವಾಗಲೂ ಎರಡು ಉಳಿಯುತ್ತಿದ್ದವು.

ಆ ವರ್ಷ ಒಂದು ಕಾವಲು ಪಡೆಯವರು ಬಂದೂಕಿನ ಗುಂಡುಗಳಿಗೆ ಟೆಂಡರ್ ಕರೆದರು. ಬೂಟು, ಕಂಬಳಿ ಮಾರಿ ಬೇಸತ್ತಿದ್ದ ನಮ್ಮ ಮ್ಯಾನೇಜರ್, ಅಂದರೆ ಮುದೀರ್, ಇದಕ್ಕೂ ಕೈ ಹಾಕಿದರು. ಹೊರದೇಶದ ಏಜೆಂಟನೊಬ್ಬ ಸೂಟು ಹಾಕಿಕೊಂಡು ಬಂದು, ಈಗ ಎಲ್ಲ ಕಡೆ ಸಣ್ಣ ಗುಂಡೇ ಶ್ರೇಷ್ಠವೆಂದು ಅರ್ಧ ದಿನ ಭಾಷಣ ಮಾಡಿದ. ಮುದೀರ್‌ಗೆ ದೊಡ್ಡದರ ಮೇಲೆ ಮನಸ್ಸು. ರಟ್ಟಿನ ಪೆಟ್ಟಿಗೆ ಹೊತ್ತು ಒಳಗೆ ಬಂದ ಕಾಕನನ್ನು ತಮಾಷೆಗೆ ಕೇಳಿದರು, ಯಾವುದು ಒಳ್ಳೆಯದೆಂದು.

"ಸಾಬ್, ಪೆಹಲೇ ಬಂದೂಕ್ ಕೋ ಪೂಛೋ," ಎಂದರು ಕಾಕ. ಮೊದಲು ಬಂದೂಕನ್ನೇ ಕೇಳಿ ಅಂತ. ಏಜೆಂಟನನ್ನು ಬಿಟ್ಟು ಉಳಿದವರೆಲ್ಲ ನಕ್ಕರು.

ಆಮೇಲೆ ಪ್ಯಾಂಟ್ರಿಯಲ್ಲಿ ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುತ್ತ ನನಗೆ ಬಿಡಿಸಿ ಹೇಳಿದರು. ಸಣ್ಣ ಗುಂಡು ಹಗುರ; ಸಿಪಾಯಿ ಅಷ್ಟೇ ಭಾರಕ್ಕೆ ಹೆಚ್ಚು ಹೊರಬಹುದು, ಭುಜಕ್ಕೆ ಏಟೂ ಕಡಿಮೆ. ದೊಡ್ಡದಕ್ಕೆ ದೂರದಲ್ಲೂ ಬಲ ಇರುತ್ತದೆ, ಮರ ಗಿಡ ಇಲ್ಲದ ಮರುಭೂಮಿಯಲ್ಲಿ ಅದೂ ಬೇಕು. ಇಲ್ಲಿನ ಬಿಸಿಲಿಗೆ ಕಾದ ತಗಡಿನ ಗೋದಾಮಿನಲ್ಲಿ ಇಟ್ಟರೆ ಎರಡರ ಮದ್ದೂ ಕೆಡುತ್ತದೆ. "ಎರಡೂ ಒಳ್ಳೇದೇ ಬಾಯಮ್ಮ. ಆದ್ರೆ ಅವರ ಕೈಯಲ್ಲಿ ಯಾವ ಬಂದೂಕು ಉಂಟು, ಅದಕ್ಕೆ ಹೋಗುವಂಥದ್ದೇ ಬೆಸ್ಟ್. ಹೋಗದಿದ್ರೆ ಅದು ಬರೀ ಹಿತ್ತಾಳೆ."

ಮುದೀರ್ ನಕ್ಕರೂ ಮಾತನ್ನು ಮರೆಯಲಿಲ್ಲ. ಪಡೆಯವರನ್ನೇ ಕೇಳಿದರು. ಮರುದಿನ ಅರಬ್ಬಿಯಲ್ಲಿ ಕೈಯಲ್ಲಿ ಬರೆದ ಫ್ಯಾಕ್ಸ್ ಬಂತು. ಅದನ್ನು ನೋಡಿ ಗುಂಡು ತಯಾರಿಸುವವರಿಗೆ ಇಂಗ್ಲಿಷಿನಲ್ಲಿ ಪತ್ರ ಟೈಪ್ ಮಾಡುವ ಕೆಲಸ ನನ್ನದು. ಅರಬ್ಬಿ ಕಾಗದಗಳನ್ನು ಓದಿ ಹೇಳುತ್ತಿದ್ದ ನಮ್ಮ ಮಂದೂಬ್, ಸರ್ಕಾರಿ ಕಚೇರಿಗಳಿಗೆ ಓಡಾಡುವವನು, ಅಂದು ರಜೆಯಲ್ಲಿದ್ದ. ಅಂಕೆ ತಾನೇ, ನನಗೆ ಬರುತ್ತದೆ ಎಂಬ ಜಂಬ ನನಗೆ. ಬಾಯಿ ಮೇಲೆ ಮಾಡಿ ನಿಂತದ್ದು ಏಳು, ಬೋರಲು ಬಿದ್ದದ್ದು ಎಂಟು, ಚುಕ್ಕೆ ಇಟ್ಟರೆ ಸೊನ್ನೆ, ನಮ್ಮ ಸೊನ್ನೆಯ ಹಾಗೆ ದುಂಡಗಿರುವುದು ಐದು. ಎಲ್ಲ ಬಾಯಿಪಾಠ. ಆದರೆ ಅವಸರದಲ್ಲಿ ಕಣ್ಣು ಕಲಿತದ್ದನ್ನು ಬಿಟ್ಟು ಒಂದನೇ ಕ್ಲಾಸಿನ ಸ್ಲೇಟಿಗೆ ಹೋಗಿಬಿಡುತ್ತದೆ. ಫ್ಯಾಕ್ಸಿನಲ್ಲಿ ಏಳು ಪಾಯಿಂಟ್ ಆರು ಎರಡರ ಪಕ್ಕ, ಮಸುಕಾದ ಗುಣಾಕಾರ ಚಿಹ್ನೆಯ ಆಚೆ ಐವತ್ತೊಂದು ಎಂದಿತ್ತು. ನಾನು ಸೊನ್ನೆ ಒಂದು ಎಂದು ಓದಿಕೊಂಡೆ, ಪಟ್ಟಿಯ ಮೊದಲ ಐಟಂ ಎಂದುಕೊಂಡೆ, ಬರೀ ಏಳು ಪಾಯಿಂಟ್ ಆರು ಎರಡು ಎಂದು ಟೈಪ್ ಮಾಡಿ ಕಳಿಸಿದೆ.

ಟೆಂಡರ್ ಕೊಡಲು ಎರಡು ದಿನ ಇರುವಾಗ ಮದ್ದು ತುಂಬದ ಮಾದರಿ ಕಾಡತೂಸುಗಳ ಪೆಟ್ಟಿಗೆ ಬಂತು. ಕಾಕ ಅದನ್ನು ಗೋದಾಮಿನಲ್ಲಿ ಒಡೆದು ನೋಡಿದವರೇ ನೇರವಾಗಿ ನನ್ನ ಮೇಜಿಗೆ ಬಂದರು. ನನ್ನ ಸ್ಟೀಲ್ ಸ್ಕೇಲ್ ಕೇಳಿ ಪಡೆದು ಒಂದು ಕಾಡತೂಸನ್ನು ಅದರ ಮೇಲಿಟ್ಟರು. ಹಿತ್ತಾಳೆಯ ಭಾಗ ಮೂವತ್ತೊಂಬತ್ತು ಮಿಲಿಮೀಟರ್. ಆಮೇಲೆ ಫೈಲಿನಲ್ಲಿದ್ದ ಫ್ಯಾಕ್ಸ್ ನೋಡಿದರು.

"ಇದು ಐದಲ್ವಾ ಬಾಯಮ್ಮ?"

ಫ್ಯಾಕ್ಸ್ ಎಳೆದುಕೊಂಡು ನೋಡಿದೆ. ಐದೇ. ಗುಂಡಿನ ದಪ್ಪಕ್ಕೆ ಹೆಸರು ಒಂದೇ, ಏಳು ಪಾಯಿಂಟ್ ಆರು ಎರಡು. ಆದರೆ ಅದು ಕೂರುವ ಹಿತ್ತಾಳೆ ಕೋಶದ ಉದ್ದ ಬೇರೆ, ಬಂದೂಕೂ ಬೇರೆ. ನನ್ನ ಪತ್ರದಲ್ಲಿ ಉದ್ದವೇ ಇರಲಿಲ್ಲ; ಐವತ್ತೊಂದು ಬೇಕಾದವರಿಗೆ ನಾವು ಮೂವತ್ತೊಂಬತ್ತು ತರಿಸಿದ್ದೆವು. ಒಂದೇ ಹೆಸರು, ಮನೆ ಬೇರೆ ಎಂದು ಕಾಕ ಹೇಳಿದರು.

ಆ ತಿಂಗಳು ನನ್ನ ಗಂಡನ ಕಂಪನಿ ಮುಚ್ಚಿತ್ತು. ಅವರು ವೀಸಾಕ್ಕೆ ಜವಾಬ್ದಾರನಾಗುವ ಹೊಸ ಕಫೀಲನನ್ನು ಹುಡುಕಿಕೊಂಡು ದಿನವಿಡೀ ಅಲೆಯುತ್ತಿದ್ದರು. ನನ್ನ ಕೆಲಸವೂ ಹೋದರೆ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಹೋಗುತ್ತದೆ, ಇಬ್ಬರೂ ಬರಿಗೈಯಲ್ಲಿ ಊರಿಗೆ. ನಾನು ಕಾಕನ ಮುಂದೆ ಕೈ ಮುಗಿಯುವುದೊಂದು ಬಾಕಿ.

"ಯಾರೂ ಅಳೆದು ನೋಡುದಿಲ್ಲ ಕಾಕ. ಈಗ ಹೀಗೇ ಹೋಗ್ಲಿ. ಆರ್ಡರ್ ಬಂದ ಮೇಲೆ ಸರಿ ಮಾಡುವ."

"ಇದೆಂಥ ಬ್ಲೌಸಾ, ಬಿಚ್ಚಿ ಪುನಃ ಹೊಲೀಲಿಕ್ಕೆ? ನಾಳೆ ಪೆಟ್ಟಿಗೆ ಒಡೆಯುವವ ಒಬ್ಬ ಸಿಪಾಯಿ. ಅವನ ಬಂದೂಕಿಗೆ ಇದು ಹೋಗುದಿಲ್ಲ. ಆಗ ಅವ ಯಾರ ಹತ್ರ ಹೇಳುದು?"

"ನನ್ನ ಇಕಾಮಾ ಹೋದ್ರೆ ನಾನು ಯಾರ ಹತ್ರ ಹೇಳುದು?" ಎಂದೆ. ಅದನ್ನು ತುಳುವಿನಲ್ಲೇ ಹೇಳಿದ್ದೆ.

ಅವರು ಪೆಟ್ಟಿಗೆ ಎತ್ತಿಕೊಂಡು ಮುದೀರ್ ಕೋಣೆಗೆ ಹೋದರು. ಒಳಗಿನಿಂದ ಮುದೀರ್ ಗದರಿದ್ದು ನನಗೆ ಕೇಳಿಸಿತು, ಮಾತು ಅರ್ಥವಾಗಲಿಲ್ಲ. ಹೊರಗೆ ಬಂದ ಕಾಕ, "ಆಯ್ತು ಬಾಯಮ್ಮ, ನೀವು ಕೆಲಸ ಮಾಡಿ," ಎಂದರು. ನಾನು ಮುಖ ತಿರುಗಿಸಿದೆ.

ಹೊಸ ಮಾದರಿ ತರಿಸಲು ಸಮಯವಿರಲಿಲ್ಲ. ಕಂಪನಿ ಆ ಟೆಂಡರ್ ಕೈಬಿಟ್ಟಿತು. ಇವತ್ತು ಕರೆಯುತ್ತಾರೆ, ನಾಳೆ ಕರೆಯುತ್ತಾರೆ ಎಂದು ನಾನು ಹೆದರಿ ಕುಳಿತಿದ್ದೆ. ಯಾರೂ ಕರೆಯಲಿಲ್ಲ. ಮುದೀರ್‌ಗೆ ನನ್ನ ಮೇಲೆ ಕರುಣೆ ಎಂದುಕೊಂಡೆ. ಆ ತಿಂಗಳ ಕೊನೆಗೆ ಕಾಕನ ಇಕಾಮಾ ನವೀಕರಿಸುವುದಿಲ್ಲವೆಂದು ಸುದ್ದಿ ಬಂತು. ವಯಸ್ಸಾಯಿತಲ್ಲ, ಅದಕ್ಕೇ ಇರಬೇಕು ಎಂದುಕೊಂಡೆ. ಎಷ್ಟು ಸುಲಭವಾಗಿ ಏನೇನೆಲ್ಲ ಅಂದುಕೊಂಡೆ... ಹೊರಡುವ ಹಿಂದಿನ ದಿನ ಅವರು ನಮ್ಮ ಬಾಗಿಲು ತಟ್ಟಿದರು. ನಾನು ಒಳಗಿನಿಂದಲೇ ಗಂಡನನ್ನು ಕಳಿಸಿದೆ. ಅವರು ಎಣ್ಣೆ ಡಬ್ಬಿಯನ್ನು ಗಂಡನ ಕೈಗೆ ಕೊಟ್ಟು, ತಿಂಗಳಿಗೆ ನಾಲ್ಕೇ ಹನಿ ಸಾಕು, ಹೆಚ್ಚು ಬಿಟ್ಟರೆ ಬಟ್ಟೆಗೆ ಕಲೆ ಎಂದು ಹೇಳಿ ಹೋದರಂತೆ.

ಎರಡು ತಿಂಗಳ ಮೇಲೆ ಮಂದೂಬ್ ಮಾತಿನ ನಡುವೆ ಹೇಳಿದ. "ಮಿಸ್ಕೀನ್, ಪಾಪ, ನಿಮ್ಮ ಹವಾಲ್ದಾರ್. ಮುದೀರ್ ಹತ್ತಿರ ಹೋಗಿ, 'ಟೈಪಿಸ್ಟ್ ನನ್ನನ್ನು ಕೇಳಿದ್ದಳು, ಏಳು ಪಾಯಿಂಟ್ ಆರು ಎರಡು ಅಂತ ಬರೆದರೆ ಸಾಕು ಎಂದು ನಾನೇ ಹೇಳಿದೆ, ತಪ್ಪು ನನ್ನದು' ಅಂದ. ಖಲಾಸ್, ಮುದೀರ್ ಕಳಿಸಿಬಿಟ್ಟ."

ನಾನು ಅವರನ್ನು ಕೇಳಿರಲೇ ಇಲ್ಲ. ಇಪ್ಪತ್ತು ವರ್ಷ ಬಂದೂಕು ಬಿಚ್ಚಿ ಕೂಡಿಸಿದ ಮನುಷ್ಯ ತನ್ನ ಕಸುಬೇ ತನಗೆ ಗೊತ್ತಿಲ್ಲ ಎಂದು ಹೇಳಿ ಹೋಗಿದ್ದರು. ಆಗಲೂ ನಾನು ಮುದೀರ್ ಬಳಿ ಹೋಗಲಿಲ್ಲ. ಗಂಡನಿಗೆ ಕೆಲಸ ಸಿಗಲಿ, ಆಮೇಲೆ ಎಂದುಕೊಂಡೆ. ಅವರಿಗೆ ಕೆಲಸ ಸಿಕ್ಕಿತು. ಆಮೇಲೆಯೂ ಹೋಗಲಿಲ್ಲ.

ನಾಲ್ಕು ವರ್ಷ ಕಳೆದು ರಜೆಯಲ್ಲಿ ಊರಿಗೆ ಬಂದಾಗ ಉಳ್ಳಾಲದ ಕಡೆ ವಿಚಾರಿಸುತ್ತ ಅವರ ಮನೆ ಹುಡುಕಿಕೊಂಡು ಹೋದೆ. ಕಾಕ ತೀರಿಕೊಂಡು ವರ್ಷವಾಗಿತ್ತು. ಅವರ ಹೆಂಡತಿ ಚಹಾ ಕೊಟ್ಟು ಪಕ್ಕದಲ್ಲಿ ಕುಳಿತರು. "ಮೊಣಗಂಟು ನೋವು ಅಂತ ಕೆಲಸ ಬಿಟ್ಟು ಬಂದದ್ದು. ಇಲ್ಲಿ ಬಂದ ಮೇಲೆ ಒಂದು ದಿನ ನೋವು ಅಂತ ಹೇಳಿದವರಲ್ಲ," ಎಂದರು. ನಿಮಗೇನಾದರೂ ಗೊತ್ತುಂಟಾ ಎನ್ನುವ ಹಾಗೆ ನನ್ನ ಮುಖ ನೋಡಿದರು. ನಾನು ಚಹಾ ಕುಡಿದೆ, ಮೊಣಗಂಟಿನದ್ದೇ ಇರಬೇಕು ಎಂದು ಹೇಳಿ ಎದ್ದು ಬಂದೆ.

ಕಾಕನ ಹೆಂಡತಿಗೂ ಈಗ ವಯಸ್ಸಾಗಿರುತ್ತದೆ. ಇದ್ದಾರೋ ಇಲ್ಲವೋ... ಡಬ್ಬಿಯನ್ನು ಅಲ್ಲಾಡಿಸಿ ನೋಡಿದೆ. ತಳದಲ್ಲಿ ಇನ್ನೂ ಸ್ವಲ್ಪ ಇದೆ. ದಿಂಬಿನ ಕವರ್ ಅಲ್ಲಿಗೇ ಬಿಟ್ಟು ಕಾಗದ ತೆಗೆದುಕೊಂಡು ಇಷ್ಟನ್ನು ಬರೆದಿದ್ದೇನೆ. ನಾಳೆ ಇದನ್ನು ಹಿಡಿದುಕೊಂಡು ಉಳ್ಳಾಲದ ಬಸ್ಸು ಹತ್ತುತ್ತೇನೆ. ಆ ಮನೆಯಲ್ಲಿ ಯಾರಿದ್ದರೆ ಅವರಿಗೆ ಓದಿ ಹೇಳಬೇಕು. ಅದು ಸೊನ್ನೆ ಒಂದು ಅಲ್ಲ, ಐವತ್ತೊಂದು. ತಪ್ಪಾಗಿ ಓದಿದ್ದು ನಾನು. ಕಾಕನಿಗೆ ಅವರ ಕಸುಬು ಗೊತ್ತಿತ್ತು.