ಮಿಂಚೋ ತಾತನ ಒಂದೇ ಪ್ರಶ್ನೆ

ಬಲ್ಗೇರಿಯಾದ ನಮ್ಮ ಈ ಪುಟ್ಟ ಊರಿನ ವಾಚನಾಲಯದಲ್ಲಿ ಯಾರ ಭಾಷಣವೇ ಇರಲಿ, ಮೊದಲ ಸಾಲಿನಲ್ಲಿ ಮಿಂಚೋ ತಾತ ಇರಲೇಬೇಕು. ಚುನಾವಣೆಗೆ ನಿಂತವರು, ಪತ್ರಕರ್ತರು, ನದಿ ಉಳಿಸಿ ಎನ್ನುವವರು, ಅವನಿಗೆ ಎಲ್ಲರೂ ಒಂದೇ. ಗಡ್ಡ ಬೋಳಿಸಿ, ಮದುವೆಯ ಕೋಟು ತೊಟ್ಟು, ಹಿತ್ತಲಿನ ಜೆರೇನಿಯಂ ಹೂಗಿಡದ ಎರಡು ಕುಡಿ ಹಿಡಿದು ಬರುತ್ತಾನೆ. ಬಂದವರನ್ನು ಅದನ್ನು ಕೊಟ್ಟೇ ಬರಮಾಡಿಕೊಳ್ಳುವುದು ನಮ್ಮ ಪದ್ಧತಿ. ಒಂದು ಭಾಷಣಕಾರರಿಗೆ, ಇನ್ನೊಂದು ಯಾಕೋ ಅವನ ಜೇಬಿಗೇ ಮರಳುತ್ತದೆ. ಮಾತು ಲಂಚದ ಮೇಲಿರಲಿ, ಜೇನುಹುಳುಗಳ ಮೇಲಿರಲಿ, ತಾತ ಎದ್ದು ಕೇಳುವುದು ಒಂದೇ: “ನಮ್ಮೂರಲ್ಲಿ ರೈಲು ಮತ್ತೆ ಯಾವಾಗ ನಿಲ್ಲುತ್ತೆ?” “ಶುರುವಾಯ್ತಪ್ಪಾ ತಾತಂದು!” ಎಂದು ಹಿಂದಿನಿಂದ ಬೇಕರಿಯ ದಾನಾ ನಕ್ಕರೆ, “ಸುಮ್ನಿರಮ್ಮ, ನಿನ್ನ ಬಾಯಿಗಂತೂ ನಿಲ್ದಾಣವೇ ಇಲ್ಲ” ಎನ್ನುತ್ತಾನೆ. ಅಭ್ಯರ್ಥಿಗಳೆಲ್ಲ ‘ಬರುವ ವಸಂತಕ್ಕೆ’ ಅನ್ನುತ್ತಾರೆ. ಅಂಥ ಹನ್ನೊಂದು ವಸಂತಗಳು ಆಗಿಹೋದವು. ಕಳೆದ ಭಾನುವಾರ ರಾಜಧಾನಿಯಿಂದ ಬಂದಿದ್ದ ಪತ್ರಕರ್ತೆಯೊಬ್ಬಳು ಉತ್ತರ ಕೊಡುವ ಬದಲು ಅವನನ್ನೇ ಕೇಳಿದಳು: “ನೀವು ಎಲ್ಲಿಗೆ ಹೋಗ್ಬೇಕು ತಾತ?” ಇಷ್ಟು ವರ್ಷಗಳಲ್ಲಿ ನಾವ್ಯಾರೂ ಕೇಳಿರಲಿಲ್ಲ. ತಾತ ಜೇಬಿನಲ್ಲಿದ್ದ ಇನ್ನೊಂದು ಕುಡಿಯ ಮೇಲೆ ಕೈಯಿಟ್ಟುಕೊಂಡ. “ನಾನೆಲ್ಲಿಗೆ ಹೋಗ್ಲಿ ಮಗಳೇ? ಊರು ಬಿಟ್ಟು ಹೋದೋರಿಗೆ ಇಳಿಯೋಕೆ ಒಂದು ಜಾಗ ಬೇಡ್ವಾ?”