ಅಣ್ಣ ಹಾಡಿಬಿಟ್ಟ ಹಾಡು

ಸುಡುವ ಹಂಚಿನ ಮೇಲಿನ ರೊಟ್ಟಿಯನ್ನು ಅಣ್ಣ ಎಡಗೈಯ ಬರಿಬೆರಳಲ್ಲೇ ಮಗುಚುತ್ತಿದ್ದ. ಗಿಟಾರಿನ ತಂತಿ ಒತ್ತಿ ಒತ್ತಿ ಆ ಬೆರಳ ತುದಿಗಳು ಗಟ್ಟಿಯಾಗಿ ಬಿಸಿಯೇ ತಿಳಿಯುತ್ತಿರಲಿಲ್ಲ. ಹೊನ್ನಾಳಿಯ ಕಾರ್ಯಕ್ರಮಕ್ಕೆ ಹೊರಟ ದಿನ ಬೆಳಿಗ್ಗೆಯೂ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹಾಗೇ ರೊಟ್ಟಿ ಮಗುಚಿದ. ಗಿಟಾರ್ ಕಲಿತದ್ದಕ್ಕೆ ಇದೊಂದಾದರೂ ಉಪಯೋಗವಾಯಿತಲ್ಲ ಎಂದು ಅವ್ವ ನಕ್ಕಳು. ಅವ್ವ, ಅಣ್ಣ, ನಾನು ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಒಟ್ಟಿಗೆ ಕೂತ ಕೊನೆಯ ದಿನ ಅದು.

ನಾವು ಗೋವಿನಕೋವಿಯವರು. ಅಣ್ಣ ಭದ್ರಾವತಿಗೆ ಕೆಲಸಕ್ಕೆಂದು ಹೋಗಿ ಗಿಟಾರ್ ಕಲಿತು, ಕೆಲಸ ಬಿಟ್ಟು ಗಿಟಾರ್ ಹೊತ್ತುಕೊಂಡು ಬಂದಿದ್ದ. ಹೊನ್ನಾಳಿಯ ಆರ್ಕೆಸ್ಟ್ರಾ ಒಂದಕ್ಕೆ ಸೇರಿ, ಕೂದಲು ಉದ್ದ ಬಿಟ್ಟು, ಅರ್ಥ ತಿಳಿಯದ ಇಂಗ್ಲಿಷ್ ರಾಕ್ ಹಾಡುಗಳನ್ನು ಗಂಟಲು ಹರಿಯುವಂತೆ ಹಾಡುತ್ತಿದ್ದ. ಗಿಟಾರಿಗೆ ಅವ್ವನ ಹಳೇ ಸೀರೆಯೇ ಹೊದಿಕೆ. ಬಸ್ಸಿನಲ್ಲಿ ಅದನ್ನು ಕಿಟಕಿ ಪಕ್ಕ ಕೂರಿಸಿ ತಾನು ನಿಂತು ಬರುತ್ತಿದ್ದ. ಅಪ್ಪ ಮಾತ್ರ ಅದನ್ನು 'ನಿನ್ನ ಸೋರೆಕಾಯಿ' ಎನ್ನುತ್ತಿದ್ದರು.

ಒಂದು ದಿನ ಯಾರಿಂದಲೋ ಒಂದು ಕ್ಯಾಸೆಟ್ ತಂದ. ಅಮೆರಿಕದ ರಾಕ್ ಹಾಡುಗಾರನೊಬ್ಬ ತನ್ನ ನಾಡಿನ ಹಳೇ ಜನಪದ ಹಾಡುಗಳನ್ನು ಜನರ ಮುಂದೆ ಹಾಡಿದ್ದು. ಚಪ್ಪಾಳೆ, ಶಿಳ್ಳೆ, ನಡುವೆ ಅವನು ಕೆಮ್ಮಿದ್ದೂ ಅದರಲ್ಲಿತ್ತು. ಅಣ್ಣ ಅದನ್ನು ಟೇಪು ಸವೆಯುವಷ್ಟು ಕೇಳಿದ. ಆಮೇಲೆ ಬೀಸುಕಲ್ಲಿನ ಮುಂದೆ ಕೂತಿದ್ದ ಅವ್ವನ ಬಳಿ ಹೋದ.

"ಅವರಜ್ಜಿ ಹಾಡನ್ನ ಅವರು ಗಿಟಾರಿಗೆ ಹಾಕ್ಯಾರೆ. ನಮ್ಮವ್ವನ ಹಾಡಿಗೇನು ಕಡಿಮಿ ಐತೆ?"

"ಅವರು ಅಜ್ಜೀನ ಒಂದು ಮಾತು ಕೇಳಿದ್ರೇನಪ್ಪಾ?"

"ಅದ್ಕೇ ನಿನ್ನ ಕೇಳಾಕೆ ಬಂದೀನಿ ಯವ್ವಾ."

ಆ ಬೇಸಿಗೆಯೆಲ್ಲ ಅವ್ವ ಬೀಸುತ್ತಾ ಹೇಳಿಕೊಟ್ಟಳು, ಅವನು ನುಡಿಸುತ್ತಾ ಕಲಿತ. ಗಿಟಾರಿನ ಮೇಲೆ ಹಿಟ್ಟು ಕೂರುತ್ತಿತ್ತು. ಬೀಸುವ ಹಾಡು, ನಾಟಿ ಹಾಡು, ಸೋಬಾನೆ ಎಲ್ಲ ಕೊಟ್ಟಳು. ಒಂದನ್ನು ಮಾತ್ರ ಕೊಡಲಿಲ್ಲ. ಅದು ಹೆಣ್ಣೊಪ್ಪಿಸುವ ಹಾಡು. ನಮ್ಮ ಮನೆತನದಲ್ಲಿ ಅದನ್ನು ತಾಯಿಯೇ ಹೇಳಬೇಕು, ಮಗಳ ಕೈಯನ್ನು ಬೀಗಿತ್ತಿಯ ಕೈಗೆ ಇಡುವಾಗ, ಮಗಳ ಹೆಸರಿಟ್ಟು. ಯಾರ ಬಾಯಲ್ಲೇ ಆಗಲಿ, ಒಮ್ಮೆ ಹೆಸರಿಟ್ಟು ಹೇಳಿದರೆ ಆ ಮಗಳನ್ನು ಕೊಟ್ಟಂತಾಯಿತು. ಅವಳಿಗೆ ಅದನ್ನು ಮತ್ತೆ ಹೇಳುವಂತಿಲ್ಲ. ಮದುವೆಗಳಲ್ಲಿ ಕೇಳಿ ಕೇಳಿ ಅಣ್ಣನಿಗೆ ಅದು ಬರುತ್ತಿತ್ತು. ಒಂದು ದಿನ ಅದರ ಧಾಟಿ ಹಿಡಿದಾಗ ಅವ್ವ ಬೀಸುವುದನ್ನು ನಿಲ್ಲಿಸಿದಳು.

"ಅದೊಂದು ಬ್ಯಾಡ ಮಗಾ. ನಿನ್ನ ತಂಗಿದಿನ್ನೂ ಐತೆ."

ಅಣ್ಣ ಬೀಸುಕಲ್ಲು ಮುಟ್ಟಿ ಆಣೆ ಮಾಡಿದ.

ಹೊನ್ನಾಳಿಯಲ್ಲಿ ಅವನು ಹಾಡಿದ್ದನ್ನೆಲ್ಲ ಕ್ಯಾಸೆಟ್ ಕಂಪನಿಯವರು ಅಲ್ಲೇ, ಜನರ ಗದ್ದಲದ ಸಮೇತ, ರೆಕಾರ್ಡ್ ಮಾಡಿಕೊಂಡರು. ಮನೆಗೆ ಬಂದವನು ಚೆನ್ನಾಗಿ ಆಯಿತು ಎಂದಷ್ಟೇ ಹೇಳಿದ.

ಕ್ಯಾಸೆಟ್ ಹೊರಬಂದದ್ದು ನಮಗೆ ತಿಳಿದದ್ದು ಚನ್ನಗಿರಿ ಬಸ್‌ಸ್ಟ್ಯಾಂಡಿನಲ್ಲಿ. ನನಗೆ ಬಿಳಿಚೋಡಿನ ಗಂಡು ಗೊತ್ತಾಗಿತ್ತು. ನಲ್ಲೂರಿನ ನೆಂಟರಿಗೆ ಹೇಳಿಬರಲು ಅವ್ವನೂ ನಾನೂ ಹೊರಟಿದ್ದೆವು. ಎದುರಿನ ಹೋಟೆಲಿನ ಟೇಪ್‌ರೆಕಾರ್ಡರಿನಲ್ಲಿ ಅಣ್ಣನ ದನಿ ಬಂತು. ಅವ್ವ ಮೊದಲು ನಾಚಿದಳು, ಆಮೇಲೆ ಪಕ್ಕದಲ್ಲಿದ್ದ ಹೆಂಗಸಿಗೆ ನನ್ನ ಮಗ ಎಂದಳು. ಅಷ್ಟರಲ್ಲಿ ಆ ಹಾಡು ಶುರುವಾಯಿತು. ಡ್ರಮ್ಮು, ಶಿಳ್ಳೆ, ನಡುವೆ ನನ್ನ ಹೆಸರು. ಚಹಾ ಕುಡಿಯುತ್ತಿದ್ದವರು ಮೇಜು ಕುಟ್ಟಿ ತಾಳ ಹಾಕುತ್ತಿದ್ದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾವು ನಲ್ಲೂರಿಗೆ ಹೋಗಲಿಲ್ಲ.

ಮನೆಯಲ್ಲಿ ಅಣ್ಣ ತಲೆ ತಗ್ಗಿಸಿ ಹೇಳಿದ. ಜನ ಸ್ಟೇಜಿಂದ ಇಳಿಯಾಕೆ ಬಿಡಲಿಲ್ಲವಂತೆ, ಇನ್ನೊಂದು ಇನ್ನೊಂದು ಅಂದರಂತೆ, ಕಲಿತದ್ದೆಲ್ಲ ಮುಗಿದಿತ್ತಂತೆ. ಅವ್ವ ಬೈಯಲಿಲ್ಲ.

"ಹೋಟ್ಲಾಗೆ ದಿನಾ ನನ್ನ ಮಗಳನ್ನ ಯಾರಿಗೆ ಒಪ್ಪಿಸ್ತಾರಪ್ಪಾ?" ಎಂದಳು.

ಅವನು ಬೀಸುಕಲ್ಲಿನ ಕಡೆ ನೋಡಲಿಲ್ಲ.

ನನ್ನ ಮದುವೆಯ ದಿನ ಹೆಣ್ಣೊಪ್ಪಿಸುವ ಹೊತ್ತಿಗೆ ಹೆಂಗಸರೆಲ್ಲ ಸುಮ್ಮನಾಗಿ ಅವ್ವನ ಮುಖ ನೋಡಿದರು. ಅವಳು ನನ್ನ ಕೈಯನ್ನು ಅತ್ತೆಯ ಕೈಗಿಟ್ಟಳು. ತುಟಿ ಅಲುಗಲಿಲ್ಲ. ಬಿಳಿಚೋಡಿನ ಮುದುಕಿಯೊಬ್ಬಳು, "ಹಾಡೋ ಮನೆತನ ಅಂದಿದ್ರು, ಮೂಗಿ ಹಂಗೆ ಕೊಟ್ರಲ್ಲ" ಎಂದಳು. ಅಣ್ಣ ಚಪ್ಪರದ ಕಂಬ ಹಿಡಿದು ನಿಂತಿದ್ದ. ಎಡಗೈಯ ಬೆರಳುಗಳು ಕಂಬದ ಮೇಲೆ ತಂತಿ ಒತ್ತುವ ಹಾಗೆ ಆಡುತ್ತಿದ್ದವು.

ವರ್ಷವಾದ ಮೇಲೆ ಒಮ್ಮೆ ಬಿಳಿಚೋಡಿಗೆ ಬಂದ. ನನ್ನ ಹೆಸರನ್ನೇ ಯಾಕೆ ಇಟ್ಟೆ ಎಂದು ಕೇಳಿದೆ. ಬೇರೆ ಯಾವ ಹೆಸರು ಇಟ್ಟಿದ್ದರೂ ನನ್ನ ಹಾಡು ನನಗೆ ಉಳಿಯುತ್ತಿತ್ತು.

"ನನಗೆ ಇರಾಕಿ ನೀನೊಬ್ಬಾಕಿ ತಂಗಿ. ಬೇರೆ ಹೆಸ್ರು ಬಾಯಿಗೆ ಬರಲಿಲ್ಲ."

ನಾನು ಒಳಗೆ ಹೋಗಿ ಚಹಾ ತಂದೆ. ಕುಡಿದು ಹೋದ. ಮುಂದಿನ ಮಳೆಗಾಲದಲ್ಲಿ ಕಾಮಾಲೆ ಅವನನ್ನು ಕೊಂಡೊಯ್ದಿತು. ಮಣ್ಣಿಗಿಡುವಾಗ ಆ ಬೆರಳುಗಳನ್ನು ಮುಟ್ಟಿದೆ. ಇನ್ನೂ ಗಟ್ಟಿಯಾಗಿಯೇ ಇದ್ದವು. ಕ್ಷಮಿಸಿದೆ ಎನ್ನಲು ಬಾಯಿ ಬರಲಿಲ್ಲ, ಈಗಲೂ ಬರುವುದಿಲ್ಲ.

ಅವ್ವ ಆ ಹಾಡನ್ನು ಮತ್ತೆ ಬಾಯಿಗೆ ತರದೆ, ನನಗೂ ಕಲಿಸದೆ ತೀರಿಕೊಂಡಳು. ನನ್ನ ಮಗಳನ್ನು ಕೊಡುವ ಕಾಲ ಬಂದಾಗ ನಡುವಿನ ಸೊಲ್ಲುಗಳು ನನಗೆ ಬರುತ್ತಿರಲಿಲ್ಲ. ಕೊನೆಗೆ ಅಣ್ಣನ ಕ್ಯಾಸೆಟ್ ಹಾಕಿಕೊಂಡು, ಆ ಶಿಳ್ಳೆ ಚಪ್ಪಾಳೆಗಳ ನಡುವೆ ಕಿವಿಗೊಟ್ಟು ಕಲಿತೆ. ಅವನು ಆಣೆ ಮುರಿಯದಿದ್ದರೆ ಮಗಳಿಗೆ ಹಾಡೇ ಇರುತ್ತಿರಲಿಲ್ಲ. ನನ್ನ ಹೆಸರು ಬರುವಲ್ಲಿ ಅವಳ ಹೆಸರಿಟ್ಟು ಹೇಳಿ ಒಪ್ಪಿಸಿದೆ.

ನನ್ನನ್ನು ಅವ್ವ ಹಾಡಿ ಒಪ್ಪಿಸಿಲ್ಲ.