ಸತ್ತ ಕಂಪ್ಯೂಟರುಗಳ ಸೇನಾಪತಿ

ಕೈರೋದ ಒಂದು ಸರಕಾರಿ ಕಚೇರಿಯ ಉಗ್ರಾಣಪಾಲಕ ಉಸ್ತಾದ್ ಶೌಕಿಯವರು ನಾನೂರ ಹನ್ನೆರಡು ಸತ್ತ ಕಂಪ್ಯೂಟರುಗಳ ಸೇನಾಪತಿ. ದಾಸ್ತಾನು ಪುಸ್ತಕದಲ್ಲಿ ಒಂದೊಂದೂ ಅವರ ಹೆಸರಿಗೇ ಬರೆದದ್ದು. ಮೂವರ ಸಮಿತಿ ಬಂದು ಎಣಿಸಿ ರುಜು ಹಾಕುವವರೆಗೆ ಒಂದು ತಂತಿಯನ್ನೂ ಎಸೆಯುವಂತಿಲ್ಲ. ಮೊದಲು ಕೋಣೆ ತುಂಬಿತು, ಆಮೇಲೆ ಮೆಟ್ಟಿಲು. ಈಗ ಶೌಚಾಲಯದ ಬಾಗಿಲು ಅರ್ಧವೇ ತೆರೆಯುತ್ತದೆ. ದಿನಾ ಬೆಳಿಗ್ಗೆ ಚಹಾದ ಲೋಟ ಹಿಡಿದು ಪಡೆಯ ತಪಾಸಣೆಗೆ ಹೊರಟು, ಪರದೆಗಳ ಧೂಳು ಒರೆಸುತ್ತಾ, "ಕೆಲಸಾನೂ ಮಾಡಲ್ಲ, ಬಿಸಾಕೋ ಹಾಗೂ ಇಲ್ಲ. ಥೇಟ್ ನನ್ ಹಾಗೇ!" ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ. "ಹಳೇ ಸಾಮಾನಿನ ಗಾಡಿಯವನು ಬರ್ಲಿ ಉಸ್ತಾದ್, ಮೊದಲು ನಿಮ್ಮನ್ನೇ ತೂಕಕ್ಕೆ ಹಾಕ್ತೀನಿ," ಎನ್ನುತ್ತಾಳೆ ಟೈಪಿಸ್ಟ್ ಸಮೀಹಾ. "ಹಾಕಮ್ಮ, ಅದಕ್ಕೂ ಸಮಿತಿ ರುಜು ಬೇಕು!" ಹನ್ನೊಂದು ವರ್ಷ ಅರ್ಜಿ ಬರೆದ ಮೇಲೆ ಸಮಿತಿ ನಿಜಕ್ಕೂ ಬಂತು, ಉಗ್ರಾಣ ಖಾಲಿಯಾದ ದಿನವೇ ಶೌಕಿಯವರ ಹುದ್ದೆಯೂ ರದ್ದು ಎಂಬ ಆದೇಶವನ್ನೂ ತಂದಿತು. ಸಂಜೆಯವರೆಗೆ ಎಣಿಸಿದರೂ ಒಂದು ಮೌಸ್ ಕಡಿಮೆ. "ಎಲ್ಲ ಸಿಗದೆ ರುಜು ಇಲ್ಲ, ಮುಂದಿನ ವರ್ಷ ನೋಡೋಣ," ಎಂದು ಸಮಿತಿ ಎದ್ದಿತು. "ಅಯ್ಯೋ ನನ್ನ ಹಣೆಬರಹವೇ!" ಎಂದು ತಲೆ ಚಚ್ಚಿಕೊಳ್ಳುತ್ತಿದ್ದ ಸೇನಾಪತಿಯ ಹತ್ತಿರ ಬಂದು ಸಮೀಹಾ ಪಿಸುಗುಟ್ಟಿದಳು: "ಉಸ್ತಾದ್, ಕೋಟಿನ ಜೇಬಿಂದ ತಂತಿ ಇಣುಕ್ತಿದೆ, ಒಳಗೆ ತುರುಕಿಕೊಳ್ಳಿ."